ಹರಾಜಿಗೆ ಬಂದ ವಾಲ್ಟ್ಸ್‌ಗಳು

ಕರ್ಕಶವೆಂದು ವಿಯೆನ್ನಾದ ಶ್ರೋತೃಗಳು ದೂರಿದ್ದು ಅರ್ನಾಲ್ಡ್ ಶೋನ್‌ಬರ್ಗ್ ಅವರ ಸಂಗೀತವನ್ನು. ಹೊಸ ಕೃತಿಗಳನ್ನು ಸಾವಧಾನವಾಗಿ ಕೇಳಿಸಲೆಂದು ಅವರು 1918ರಲ್ಲಿ ಖಾಸಗಿ ಸಂಘವೊಂದನ್ನು ಕಟ್ಟಿದರು. ಅಲ್ಲಿ ವಿಮರ್ಶಕರಿಗೆ ಪ್ರವೇಶವಿಲ್ಲ, ಚಪ್ಪಾಳೆ ನಿಷಿದ್ಧ. ಆದರೆ ಮಹಾಯುದ್ಧದಲ್ಲಿ ಸೋತ ಆಸ್ಟ್ರಿಯಾದಲ್ಲಿ ಹಣದ ಬೆಲೆ ಕುಸಿಯುತ್ತಿತ್ತು. ಸಂಘಕ್ಕೂ ಕೈ ಬಿಗಿಯಾಯಿತು.

ಆಗ ನೆರವಿಗೆ ಬಂದದ್ದು ಊರೇ ಮೆಚ್ಚಿದ ಯೋಹಾನ್ ಸ್ಟ್ರೌಸ್. 1921ರ ಮೇ 27ರ ಸಹಾಯಾರ್ಥ ಕಚೇರಿಗಾಗಿ ಅವರ ನಾಲ್ಕು ವಾಲ್ಟ್ಸ್ ನೃತ್ಯಸಂಗೀತಗಳಲ್ಲಿ ಎರಡನ್ನು ಶೋನ್‌ಬರ್ಗ್, ಒಂದೊಂದನ್ನು ಶಿಷ್ಯರಾದ ಆಲ್ಬನ್ ಬರ್ಗ್ ಮತ್ತು ಆಂಟನ್ ವೆಬರ್ನ್ ಕಿರುಮೇಳಕ್ಕೆ ಅಳವಡಿಸಿದರು. ಎರಡು ಪಿಟೀಲು, ವಯೋಲ, ಚೆಲ್ಲೊ, ಪಿಯಾನೊ, ಹಾರ್ಮೋನಿಯಂ — ಇಷ್ಟೇ ವಾದ್ಯಗಳು. ದೊಡ್ಡ ವಾದ್ಯವೃಂದದ ಊದುವಾದ್ಯಗಳ ಕೊರತೆಯನ್ನು ಹಾರ್ಮೋನಿಯಂ ತುಂಬಿತು. ಅದನ್ನು ಬರ್ಗ್ ನುಡಿಸಿದರು; ವೆಬರ್ನ್ ಚೆಲ್ಲೊ ಹಿಡಿದರು; ಗುರುಗಳೂ ಪಿಟೀಲು ಎತ್ತಿಕೊಂಡರು. ಬಳಿಕ ಹಸ್ತಪ್ರತಿಗಳನ್ನೇ ಹರಾಜಿಗಿಟ್ಟರು.

ಆದರೂ ಆ ವರ್ಷದ ಕೊನೆಗೆ ವಿಯೆನ್ನಾದಲ್ಲಿ ಸಂಘದ ಕಚೇರಿಗಳು ನಿಂತವು. ಸ್ಟ್ರೌಸ್ ಮೇಲಿನ ಅಕ್ಕರೆ ಮಾತ್ರ ಉಳಿಯಿತು: 1925ರಲ್ಲಿ ಶೋನ್‌ಬರ್ಗ್ 'ಚಕ್ರವರ್ತಿ ವಾಲ್ಟ್ಸ್' ಅನ್ನೂ ಏಳು ವಾದ್ಯಗಳಿಗೆ ಅಳವಡಿಸಿದರು. ಆಗ ಹಣದ ಮುಗ್ಗಟ್ಟಿನ ಆ ಸಂಘವಿರಲಿಲ್ಲ. ಸಂಪ್ರದಾಯವನ್ನು ಮುರಿದವರೆನಿಸಿಕೊಂಡವರು ಅದನ್ನು ಎಷ್ಟು ಆಪ್ತವಾಗಿ ಬಲ್ಲವರಾಗಿದ್ದರೆಂಬುದಕ್ಕೆ ಈ ಪುಟ್ಟ ಕೃತಿಗಳೇ ಸಾಕ್ಷಿ.