ಹಾಲಿನ ಲೋಟ, ಕುಂಟೆಬಿಲ್ಲೆ

ಹೋದ ವರ್ಷ ಬಚ್ಚಲಲ್ಲಿ ಜಾರಿ ಕೈ ಊರಿದೆ. ಮಣಿಕಟ್ಟು ಮುರಿಯಿತು. ಎಕ್ಸ್‌ರೇ ನೋಡಿದ ಡಾಕ್ಟರು, "ಮೂಳೆ ಸವೆದಿದೆ ಮೇಡಂ, ಇದು ಇವತ್ತು ಶುರುವಾದದ್ದಲ್ಲ" ಅಂದರು. ಮೂವತ್ತು ವರ್ಷ ಹುಡುಗಿಯರಿಗೆ ಡ್ರಿಲ್ ಹೇಳಿಕೊಟ್ಟವಳಿಗೇ ಈ ಪಾಠ!

ಆಗ ನೆನಪಾದದ್ದು ಬೆಂಗಳೂರಿನ ಉಲ್ಲಾಳದಲ್ಲಿ ನಮ್ಮ ತಾತನ ಮನೆಯ ಹಗೇವು. ಸುಗ್ಗಿ ಮುಗಿದ ಮೇಲೆ ಹೊಲದ ರಾಗಿ ಅಂಗಳದ ಆ ನೆಲಗುಳಿಗೆ ಇಳಿಯುತ್ತಿತ್ತು. ಬಾಯಿಗೆ ಚಪ್ಪಡಿ ಮುಚ್ಚಿ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಹುಳ ಬೀಳದು. ಮಳೆ ಕೈಕೊಟ್ಟ ವರ್ಷ ಅದೇ ಗತಿ. ಹೆಣ್ಣಿನ ಮೂಳೆಯೂ ಹಾಗೇ. ಹತ್ತರಿಂದ ಹದಿನೆಂಟರೊಳಗೆ ಹೆಚ್ಚೂಕಡಿಮೆ ತುಂಬಿಬಿಡಬೇಕು. ಮುಟ್ಟು ನಿಂತ ಮೇಲೆ ಬರೀ ತೋಡಿ ತೆಗೆಯುವುದೇ.

ಆದರೆ ಶಾಲೆಯ ತಟ್ಟೆ ಆ ವಯಸ್ಸನ್ನು ಮುಟ್ಟಿದ್ದು ಬಹಳ ತಡವಾಗಿ. 1970ರ ದಶಕದಲ್ಲಿ ನಾವು ತಿಂದದ್ದು ಅಮೆರಿಕದ ಕೇರ್ ಸಂಸ್ಥೆಯ ಹಳದಿ ಉಪ್ಪಿಟ್ಟು. ಹಾಲಿನ ಪುಡಿಯನ್ನು ಅಂಗೈಗೆ ಹಾಕಿಸಿಕೊಂಡು ನೆಕ್ಕುತ್ತಿದ್ದೆವು. ಅಂಗುಳಕ್ಕೆ ಅಂಟಿ ಬಿಡುತ್ತಿರಲಿಲ್ಲ. ಕೆಂಗೇರಿಯ ಹೈಸ್ಕೂಲಿಗೆ ಹೋದ ಮೇಲೆ ಅದೂ ಇಲ್ಲ. 2000ದಲ್ಲಿ ಬೆಂಗಳೂರಿನಲ್ಲಿ ಅಕ್ಷಯ ಪಾತ್ರೆ 5 ಶಾಲೆಗಳ 1,500 ಮಕ್ಕಳಿಗೆ ಊಟ ಬಡಿಸಲು ಶುರುಮಾಡಿತು. ಸರ್ಕಾರದ ಅಕ್ಷರ ದಾಸೋಹ 2002ರಲ್ಲಿ ಉತ್ತರದ 7 ಜಿಲ್ಲೆಗಳಲ್ಲಿ ಹುಟ್ಟಿ ಮರುವರ್ಷ ನಮ್ಮ ಕಡೆ ಬಂತು. ಮೊದಲು 5ನೇ ತರಗತಿವರೆಗೆ, 2004ರಲ್ಲಿ 7ರವರೆಗೆ, 2007ರಲ್ಲಿ 10ರವರೆಗೆ. ಮೆಟ್ಟಿಲು ಮೆಟ್ಟಿಲಾಗಿ ಹತ್ತಿ ಬಂದ ಅನ್ನ ಅದು.

2013ರ ಆಗಸ್ಟ್ 1ಕ್ಕೆ ಕ್ಷೀರಭಾಗ್ಯ ಬಂತು. ಒಬ್ಬೊಬ್ಬರಿಗೆ 18 ಗ್ರಾಂ ಕೆನೆಸಹಿತ ಹಾಲಿನ ಪುಡಿ, ಕಲಸಿದರೆ 150 ಮಿಲಿ. ಮೊದಲು ವಾರಕ್ಕೆ 3 ದಿನ, 2017ರಿಂದ 5 ದಿನ. ಬಿಸಿನೀರಿಗೆ ಪುಡಿಯನ್ನು ಒಮ್ಮೆಲೇ ಸುರಿದರೆ ಗಂಟು ಕಟ್ಟುತ್ತದೆ. ಅಡುಗೆಯಮ್ಮ ಮೊದಲು ಚೂರು ತಣ್ಣೀರಲ್ಲಿ ಕದಡಿಕೊಳ್ಳುತ್ತಿದ್ದಳು. ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ದಿನಾ ಲೋಟವನ್ನು ದಾಸವಾಳದ ಬುಡಕ್ಕೆ ಬಗ್ಗಿಸುತ್ತಿದ್ದಳು. ಯಾಕಮ್ಮ ಅಂದರೆ, "ದಪ್ಪ ಆಗ್ತೀನಿ ಮಿಸ್" ಅಂದಳು. ಗಿಡ ಮಾತ್ರ ಚೆನ್ನಾಗಿ ಬೆಳೆಯಿತು!

ಲೆಕ್ಕ ನೋಡಿ. 13ರಿಂದ 15 ವರ್ಷದ ಹುಡುಗಿಗೆ ದಿನಕ್ಕೆ 1,000 ಮಿಲಿಗ್ರಾಂ ಸುಣ್ಣದಂಶ ಬೇಕೆನ್ನುತ್ತದೆ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ. ಆ ಲೋಟದ ಹಾಲಿನಲ್ಲಿ ಇರುವುದು ಸುಮಾರು 170. ನೂರು ಗ್ರಾಂ ರಾಗಿಹಿಟ್ಟಿನಲ್ಲಿ 350ರ ಆಸುಪಾಸು. ಬಿಳಿ ಅಕ್ಕಿಯಲ್ಲಿ ಹತ್ತೋ ಹನ್ನೊಂದೋ. ಉಲ್ಲಾಳದ ರಾಗಿಹೊಲ ವಿಶ್ವೇಶ್ವರಯ್ಯ ಬಡಾವಣೆಯಾಯಿತು, ಹಗೇವು ಮುಚ್ಚಿತು, ಮುದ್ದೆಯ ಜಾಗಕ್ಕೆ ಅನ್ನ ಬಂತು. ಹಾಗಾಗಿ 2024ರ ಫೆಬ್ರುವರಿಯಲ್ಲಿ ರಾಗಿ ಮಾಲ್ಟ್ ಶಾಲೆಗೆ ಬಂದಾಗ, ಮನೆ ಬಿಟ್ಟುಹೋದ ಅಜ್ಜಿ ವಾಪಸು ಬಂದಂತಾಯಿತು ನನಗೆ.

ಇಷ್ಟೆಲ್ಲ ಕೊಟ್ಟವರು ಇನ್ನೊಂದನ್ನು ಕಿತ್ತುಕೊಂಡರು. ಬಾಯಿಗೆ ಹಾಕಿದ್ದು ಮೂಳೆಗೆ ಹತ್ತಬೇಕಾದರೆ ಮೈಮೇಲೆ ಬಿಸಿಲು ಬೀಳಬೇಕು, ಕಾಲು ನೆಲಕ್ಕೆ ಬಡಿಯಬೇಕು. ನಮ್ಮ ಕುಂಟೆಬಿಲ್ಲೆ ಅದನ್ನೇ ಮಾಡುತ್ತಿತ್ತು: ಒಂಟಿ ಕಾಲಲ್ಲಿ ಕುಪ್ಪಳಿಸುವಾಗ ಮೈಭಾರವೆಲ್ಲ ಒಂದೇ ಕಾಲಿನ ಮೂಳೆ ಮೇಲೆ. ನಾನು ದೊಡ್ಡವಳಾದ ದಿನವೇ ಅವ್ವ, "ಇನ್ನು ಕುಣಿಯೋದು ಸಾಕು" ಅಂದಳು. ಮಣಿಕಟ್ಟು ಮುರಿದಾಗ ಮೊದಲು ಕಿವಿಗೆ ಬಿದ್ದದ್ದು ಆ ಮಾತೇ. ಇಂದು ಅವ್ವಂದಿರು ಹಾಗೆನ್ನುವುದಿಲ್ಲ, ಟೈಮ್‌ಟೇಬಲ್ ಅನ್ನುತ್ತದೆ. ನಾನು ಕೆಲಸ ಮಾಡಿದ ಶಾಲೆಯಲ್ಲಿ ದಸರಾ ರಜೆ ಮುಗಿಯಿತೆಂದರೆ ಹತ್ತನೇ ಕ್ಲಾಸಿನ ಪಿ.ಟಿ. ಪೀರಿಯಡ್ಡು ಲೆಕ್ಕದ ಮೇಷ್ಟ್ರ ಪಾಲು. ನಾನೂ ಸುಮ್ಮನೆ ಬಿಟ್ಟುಕೊಟ್ಟೆ. ಅದು ನನ್ನ ತಪ್ಪು.

ಹೈಸ್ಕೂಲಿನ ಹೆಡ್‌ಮಾಸ್ಟರರಲ್ಲಿ ಒಂದೇ ಕೇಳಿಕೆ: ಹಾಲು, ರಾಗಿ ಬಂದಿವೆ. ಪಿ.ಟಿ. ಪೀರಿಯಡ್ಡಿನ ಆ ನಲವತ್ತು ನಿಮಿಷವನ್ನೂ ಹುಡುಗಿಯರಿಗೆ ವಾಪಸು ಕೊಡಿ.