ಲಾರಿ ಎಲ್ಲಿದೆ ಗೊತ್ತು, ಡ್ರೈವರ್ ಮಲಗಿದ್ದು ಯಾವಾಗ?

ಆರ್ಡರ್ ಮಾಡಿದ ಬಿರಿಯಾನಿ ಎಲ್ಲಿಗೆ ಬಂತು ಅಂತ ಮ್ಯಾಪ್ ನೋಡ್ತಾ ಕೂತಿರ್ತೀವಲ್ಲ, ಆ ಬೈಕು ಸಿಗ್ನಲ್‌ನಲ್ಲಿ ಎರಡು ನಿಮಿಷ ನಿಂತರೂ ನಮಗೆ ಸಿಡಿಮಿಡಿ. ನೂರು ಲಾರಿ ಇಟ್ಟುಕೊಂಡ ಮಾಲೀಕರಿಗೆ ಈ ಸಿಡಿಮಿಡಿ ಎಷ್ಟಿರಬೇಡ? ಲಾರಿಗಳ ಮೇಲೆ ಕಣ್ಣಿಡೋ ಯಂತ್ರಗಳು ಹೇಗೆ ಬಂದವು, ಯಾರಿಗೋಸ್ಕರ ಬಂದವು ಅನ್ನೋದೇ ಇವತ್ತಿನ ಕಥೆ.

ನಾನು ಓದಿದ್ದು ಬಿ.ಕಾಂ. ಕಾಸ್ಟ್ ಅಕೌಂಟಿಂಗ್‌ನಲ್ಲಿ ಸಾರಿಗೆ ಬಗ್ಗೆ ಒಂದು ಪಾಠ ಇರುತ್ತೆ. ಲಾರಿ ಹತ್ತು ಟನ್ ಹೊತ್ತು ಹೋಗುತ್ತೆ, ಬರುವಾಗ ಖಾಲಿ ಬರುತ್ತೆ, ಒಂದು ಟನ್-ಕಿಲೋಮೀಟರಿಗೆ ಬಿದ್ದ ಖರ್ಚೆಷ್ಟು ಅಂತ ಲೆಕ್ಕ. ವಿಮೆ, ತೆರಿಗೆ, ಸಾಲದ ಬಡ್ಡಿ ಲಾರಿ ನಿಂತಿದ್ದರೂ ತಪ್ಪಲ್ಲ. ಡೀಸೆಲ್, ಟೈರು ಓಡಿದಷ್ಟೂ ತಿನ್ನುತ್ತವೆ. ಅಂದರೆ ನಿಂತ ಲಾರಿಯೂ ನಷ್ಟ, ಖಾಲಿ ಓಡಿದ ಲಾರಿಯೂ ನಷ್ಟ. ಈ ಎರಡನ್ನೂ ಕಡಿಮೆ ಮಾಡಬೇಕು ಅಂದರೆ ಲಾರಿ ಈಗ ಎಲ್ಲಿದೆ ಅಂತ ಮೊದಲು ಗೊತ್ತಾಗಬೇಕು.

ದಶಕಗಳ ಕಾಲ ಅದು ಗೊತ್ತಾಗ್ತಿದ್ದದ್ದು ಡ್ರೈವರ್ ಫೋನ್ ಮಾಡಿದಾಗ ಮಾತ್ರ. ಅಮೆರಿಕದಲ್ಲೂ ಅಷ್ಟೇ. ಹೆದ್ದಾರಿ ಪಕ್ಕ ಲಾರಿ ನಿಲ್ಲಿಸಿ, ಫೋನ್ ಬೂತ್ ಹುಡುಕಿ, ಆಫೀಸಿಗೆ ಕರೆ ಮಾಡಿ ಮುಂದಿನ ಲೋಡ್ ಎಲ್ಲಿ ಅಂತ ಕೇಳಬೇಕಿತ್ತು. 1988ರಲ್ಲಿ ಕ್ವಾಲ್ಕಾಮ್ ಅನ್ನೋ ಹೊಸ ಕಂಪನಿ ‘ಓಮ್ನಿಟ್ರಾಕ್ಸ್’ ಅನ್ನೋ ವ್ಯವಸ್ಥೆ ತಂದಿತು. ಲಾರಿಯ ತಲೆ ಮೇಲೆ ಒಂದು ಆಂಟೆನಾ, ಡ್ರೈವರ್ ಪಕ್ಕ ಒಂದು ಕೀಬೋರ್ಡ್. ಉಪಗ್ರಹದ ಮೂಲಕ ಆಫೀಸಿನ ಸಂದೇಶ ಲಾರಿಗೆ ಹೋಗುತ್ತೆ, ಲಾರಿ ಇರೋ ಜಾಗ ಆಫೀಸಿಗೆ ಬರುತ್ತೆ. ವಿಸ್ಕಾನ್ಸಿನ್ ರಾಜ್ಯದ ಷ್ನೈಡರ್ ಅನ್ನೋ ಸಾರಿಗೆ ಕಂಪನಿ ಇದರ ಮೊದಲ ದೊಡ್ಡ ಗಿರಾಕಿ.

ಕ್ವಾಲ್ಕಾಮ್ ಹೆಸರು ಎಲ್ಲೋ ಕೇಳಿದೀವಲ್ಲ ಅನಿಸ್ತಾ? ನಿಮ್ಮಲ್ಲಿ ಎಷ್ಟೋ ಜನರ ಫೋನ್ ಒಳಗಿರೋ ಸ್ನ್ಯಾಪ್‌ಡ್ರಾಗನ್ ಚಿಪ್ ಇದೇ ಕಂಪನಿಯದ್ದು. ಲಾರಿಗಳಿಂದ ಬಂದ ದುಡ್ಡೇ ಅವರ ಸಿಡಿಎಂಎ ಮೊಬೈಲ್ ಸಂಶೋಧನೆಗೆ ಆಸರೆಯಾಯ್ತು.

ಮುಂದಿನ ತಿರುವು 2000ದ ಮೇ ತಿಂಗಳಲ್ಲಿ. ಅಲ್ಲಿಯವರೆಗೆ ಅಮೆರಿಕ ಸರ್ಕಾರ ಜನಸಾಮಾನ್ಯರಿಗೆ ಸಿಗೋ ಜಿಪಿಎಸ್ ಸಂಕೇತವನ್ನ ಬೇಕಂತಲೇ ಮಸುಕು ಮಾಡಿತ್ತು. ಅಧ್ಯಕ್ಷ ಕ್ಲಿಂಟನ್ ಅದನ್ನ ನಿಲ್ಲಿಸಿದರು. ಲಾರಿ ಯಾವ ರಸ್ತೆಯಲ್ಲಿದೆ ಅನ್ನೋದು ಅಗ್ಗದ ಡಬ್ಬಿಗೂ ತಿಳಿಯೋ ಕಾಲ ಬಂತು. ಇವತ್ತು ಜಿಪಿಎಸ್, ಡೀಸೆಲ್ ಟ್ಯಾಂಕಿನ ಸೆನ್ಸರ್, ಫಾಸ್ಟ್ಯಾಗ್ ಖರ್ಚು, ಸರ್ವೀಸ್ ದಿನಾಂಕ, ವಿಮೆ ಎಲ್ಲವೂ ಒಂದೇ ಸ್ಕ್ರೀನ್ ಮೇಲೆ. ಎಂಜಿನ್ ಆನ್ ಇಟ್ಟು ನಿಂತ ಅರ್ಧ ಗಂಟೆಯೂ ಲೆಕ್ಕಕ್ಕೆ ಬರುತ್ತೆ, ರಾತ್ರಿ ಡೀಸೆಲ್ ಕಡಿಮೆಯಾದರೂ ಗೊತ್ತಾಗುತ್ತೆ.

ಇಲ್ಲಿಯವರೆಗಿನದ್ದು ಮಾಲೀಕರ ಕಥೆ. ಯುರೋಪಿನಲ್ಲಿ ಇನ್ನೊಂದು ಕಥೆ ಇದಕ್ಕಿಂತ ಮೊದಲೇ ಶುರುವಾಗಿತ್ತು. ಅಲ್ಲಿನ ಯಂತ್ರದ ಹೆಸರು ಟ್ಯಾಕೋಗ್ರಾಫ್. ಮೇಣ ಸವರಿದ ಒಂದು ದುಂಡನೆ ಕಾಗದ, ಅದರ ಮೇಲೆ ಗೀರು ಹಾಕೋ ಮುಳ್ಳು. ಲಾರಿ ಎಷ್ಟು ಹೊತ್ತು ಓಡಿತು, ಎಷ್ಟು ವೇಗದಲ್ಲಿ ಓಡಿತು, ಎಷ್ಟು ಹೊತ್ತು ನಿಂತಿತು, 24 ಗಂಟೆಯ ಜಾತಕ ಆ ಕಾಗದದಲ್ಲಿ. 1969ರಲ್ಲಿ ಯುರೋಪಿಯನ್ ಆರ್ಥಿಕ ಸಮುದಾಯ ಡ್ರೈವಿಂಗ್ ಗಂಟೆಗಳಿಗೆ ಮಿತಿ ಹಾಕಿತು, ಮರುವರ್ಷ ಟ್ಯಾಕೋಗ್ರಾಫ್ ಕಡ್ಡಾಯ ಮಾಡೋ ನಿಯಮ ತಂದಿತು. ಬ್ರಿಟನ್ನಿನ ಡ್ರೈವರ್‌ಗಳು ಇದನ್ನ ‘ಕ್ಯಾಬಿನ್ ಒಳಗಿನ ಗೂಢಚಾರ’ ಅಂತ ಬೈದರು. ಕಾರ್ಮಿಕ ಸಂಘದ ವಿರೋಧಕ್ಕೆ ಹೆದರಿ ಸರ್ಕಾರವೂ ನಿಯಮ ಜಾರಿ ಮಾಡದೆ ಎಳೆದಾಡಿತು. 1979ರಲ್ಲಿ ಯುರೋಪಿಯನ್ ನ್ಯಾಯಾಲಯ ಬ್ರಿಟನ್ ವಿರುದ್ಧ ತೀರ್ಪು ಕೊಟ್ಟ ಮೇಲೆಯೇ ದಾರಿಗೆ ಬಂದಿದ್ದು.

ಆದರೆ ಆ ಗೂಢಚಾರ ಡ್ರೈವರ್ ಪರವಾಗಿಯೂ ಸಾಕ್ಷಿ ಹೇಳ್ತಿದ್ದ. ಇನ್ನೂ ನಾಲ್ಕು ಗಂಟೆ ಓಡಿಸು ಅಂತ ಮಾಲೀಕ ಒತ್ತಾಯ ಮಾಡಿದರೆ, ಅದೂ ಕಾಗದದ ಮೇಲೆ ಮೂಡುತ್ತೆ. ಇವತ್ತಿಗೂ ಅಲ್ಲಿ ನಾಲ್ಕೂವರೆ ಗಂಟೆ ಓಡಿಸಿದರೆ 45 ನಿಮಿಷ ಬಿಡುವು ಕಡ್ಡಾಯ.

ಈಗ ನಮ್ಮ ಕಡೆ ಬರೋಣ. ಸರಕಿನ ಜಾಡು ಹಿಡಿಯೋದರಲ್ಲಿ ಕರ್ನಾಟಕ ಹಿಂದೆ ಬಿದ್ದಿಲ್ಲ. ವ್ಯಾಟ್ ಕಾಲದಲ್ಲೇ ಇಲ್ಲಿ ‘ಇ-ಸುಗಮ್’ ಇತ್ತು. ಜಿಎಸ್‌ಟಿ ಬಂದಾಗ ಇ-ವೇ ಬಿಲ್ ಮೊದಲು ಜಾರಿಗೆ ಬಂದದ್ದೂ ಇಲ್ಲೇ, 2017ರ ಸೆಪ್ಟೆಂಬರ್‌ನಲ್ಲಿ. 2021ರ ಫೆಬ್ರವರಿಯಿಂದ ಹೆದ್ದಾರಿ ಟೋಲ್‌ಗಳಲ್ಲಿ ಫಾಸ್ಟ್ಯಾಗ್ ಕಡ್ಡಾಯ. ಸರಕಿನ ಲೆಕ್ಕ ಇದೆ, ತೆರಿಗೆಯ ಲೆಕ್ಕ ಇದೆ, ಟೋಲಿನ ಲೆಕ್ಕ ಇದೆ.

ಡ್ರೈವರ್ ದುಡಿದ ಗಂಟೆಗಳ ಲೆಕ್ಕ? ಅದಕ್ಕೂ ಕಾನೂನು ಬಂದಿತ್ತು, 1961ರಲ್ಲೇ. ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ ಎಂಟು ಗಂಟೆ, ವಾರಕ್ಕೆ 48 ಗಂಟೆ ಅಂತ ಮಿತಿ ಹೇಳಿತ್ತು, ಮಧ್ಯೆ ಅರ್ಧ ಗಂಟೆ ವಿಶ್ರಾಂತಿಯನ್ನೂ ಹೇಳಿತ್ತು. ಅದಾಗಿ ಅರವತ್ತು ವರ್ಷದ ಮೇಲೆ, 2021ರಲ್ಲಿ, ಕೇಂದ್ರ ಸಾರಿಗೆ ಸಚಿವ ನಿತಿನ್ ಗಡ್ಕರಿ ಅವರು ಪೈಲಟ್‌ಗಳಿಗೆ ಇರೋ ಹಾಗೆ ಲಾರಿ ಡ್ರೈವರ್‌ಗಳಿಗೂ ಗಂಟೆ ನಿಗದಿಯಾಗಬೇಕು, ತೂಕಡಿಕೆ ಪತ್ತೆ ಹಚ್ಚೋ ಸೆನ್ಸರ್ ಬೇಕು ಅಂತ ಹೇಳಬೇಕಾಯ್ತು. ಕಾಗದದ ಮೇಲಿನ ಮಿತಿ ರಸ್ತೆಗೆ ಇಳಿದಿರಲಿಲ್ಲ ಅನ್ನೋಕೆ ಬೇರೆ ಪುರಾವೆ ಬೇಕಾ?

ತಮಾಷೆ ಅಂದ್ರೆ, ಅದಕ್ಕೆ ಹೊಸ ಯಂತ್ರವೇ ಬೇಕಿಲ್ಲ. ಲಾರಿ ಎಷ್ಟು ಗಂಟೆಗೆ ಹೊರಟಿತು, ಎಲ್ಲಿ ನಿಂತಿತು, ಎಷ್ಟು ಹೊತ್ತು ನಿಂತಿತು ಅನ್ನೋದು ಜಿಪಿಎಸ್ ಇರೋ ಪ್ರತಿ ಮಾಲೀಕರ ಸ್ಕ್ರೀನಿನಲ್ಲಿ ಆಗಲೇ ಇದೆ. ಅದೇ ಡೇಟಾ ನೋಡಿ ‘ಯಾಕೆ ನಿಂತೆ?’ ಅಂತಾನೂ ಕೇಳಬಹುದು, ‘ಯಾಕೆ ಇನ್ನೂ ನಿಂತಿಲ್ಲ?’ ಅಂತಾನೂ ಕೇಳಬಹುದು. ನನ್ನ ಬಿ.ಕಾಂ. ಪುಸ್ತಕದಲ್ಲಿ ಡ್ರೈವರ್ ಅಂದ್ರೆ ಸಂಬಳದ ಒಂದು ಸಾಲು ಅಷ್ಟೇ. ಅವರ ನಿದ್ದೆಗೆ ಕಾಲಂ ಇರಲಿಲ್ಲ. ಆದರೆ ತೂಕಡಿಸಿ ಒಂದು ಲಾರಿ ಉರುಳಿದರೆ, ಖಾಲಿ ಓಡಿದ ಎಷ್ಟು ಟ್ರಿಪ್ಪಿನ ನಷ್ಟವೂ ಅದಕ್ಕೆ ಸಮ ಅಲ್ಲ.

ಮುಂದಿನ ಸಲ ಪಾರ್ಸೆಲ್ ಒಂದು ದಿನ ತಡ ಅಂತ ಮೆಸೇಜ್ ಬಂದರೆ, ಯಾರೋ ಒಬ್ಬರು ಎಲ್ಲೋ ಹೆದ್ದಾರಿ ಪಕ್ಕ ಮಲಗಿರಬಹುದು ಅಂದ್ಕೊಳ್ಳಿ. ಮಲಗಲಿ ಬಿಡಿ. ಮತ್ತೆ ಸಿಗೋಣ.