ಸೇವಾಸಂಸ್ಥೆಗಳು ಮತ್ತು ‘ರಾಜಕೀಯ’ದ ಎಲ್ಲೆ

ಧರ್ಮಾರ್ಥ ಸಂಸ್ಥೆಗಳ ತೆರಿಗೆ ವಿನಾಯಿತಿಗೂ ರಾಜಕೀಯಕ್ಕೂ ಸಂಬಂಧಿಸಿದ ವಿವಾದ ಹೊಸತಲ್ಲ. ಗಾಂಧೀಜಿಯವರ ನೇತೃತ್ವದ ಅಖಿಲ ಭಾರತ ಚರಕಾ ಸಂಘಕ್ಕೆ ಕಾಂಗ್ರೆಸ್ಸಿನೊಡನಿದ್ದ ನಂಟೇ ತೊಡಕಾಗಿತ್ತು. ಬಡವರಿಗೆ ಕೆಲಸ ಕೊಡುವುದು ಧರ್ಮಕಾರ್ಯವೇ ಎಂದು 1944ರಲ್ಲಿ ಪ್ರಿವಿ ಕೌನ್ಸಿಲ್ ತೀರ್ಮಾನಿಸಿತು.

ಈ ಎಲ್ಲೆಯನ್ನು ಮುಂದೆ ಬಿಗಿಗೊಳಿಸಿದ್ದು ವಿದೇಶಿ ವಂತಿಗೆ ಕಾಯಿದೆ. ತುರ್ತುಪರಿಸ್ಥಿತಿಯ ಕಾಲದ 1976ರ ಕಾಯಿದೆಯ ಸ್ಥಾನಕ್ಕೆ 2010ರ ಕಾಯಿದೆ ಬಂತು. ಸಾರ್ವಜನಿಕ ಉದ್ದೇಶಕ್ಕಾಗಿ ಬಂದ್, ಹರತಾಳ, ರಸ್ತೆ ತಡೆಗಳಲ್ಲಿ ರೂಢಿಯಾಗಿ ತೊಡಗುವ ಸಂಸ್ಥೆಯನ್ನೂ ‘ರಾಜಕೀಯ ಸ್ವರೂಪ’ದ್ದೆಂದು ಘೋಷಿಸಿ, ವಿದೇಶಿ ನೆರವನ್ನು ತಡೆಯಲು 2011ರ ನಿಯಮಗಳು ಅವಕಾಶವಿತ್ತವು.

ಇದರ ತೂಕ ಅರಿಯಲು ಬೆಂಗಳೂರಿನ ಹೊರವಲಯವನ್ನು ನೋಡಬೇಕು. ಭವಿಷ್ಯನಿಧಿ ಹಿಂಪಡೆಯಲು ವಿಧಿಸಿದ ನಿರ್ಬಂಧದ ವಿರುದ್ಧ 2016ರ ಏಪ್ರಿಲ್ 18 ಮತ್ತು 19ರಂದು ಸಿದ್ಧ ಉಡುಪು ಕಾರ್ಮಿಕರು, ಅವರಲ್ಲಿ ಬಹುಪಾಲು ಮಹಿಳೆಯರು, ಹೊಸೂರು ರಸ್ತೆಯಲ್ಲಿಯೂ ಪೀಣ್ಯದ ಬಳಿಯ ತುಮಕೂರು ರಸ್ತೆಯಲ್ಲಿಯೂ ಬೀದಿಗಿಳಿದರು. ಕೇಂದ್ರ ಸರ್ಕಾರ ಆದೇಶವನ್ನು ಹಿಂತೆಗೆದುಕೊಂಡಿತು. ಇಂತಹ ಹೋರಾಟಗಳಿಗೆ ಬೆನ್ನೆಲುಬಾಗಿ ನಿಲ್ಲುವ ಸೇವಾಸಂಸ್ಥೆಯ ಗತಿಯೇನು?

ಉತ್ತರ 2020ರ ಮಾರ್ಚ್ 6ರಂದು ದೊರೆಯಿತು. ಇಂಡಿಯನ್ ಸೋಷಿಯಲ್ ಆಕ್ಷನ್ ಫೋರಂ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು, ಸಕ್ರಿಯ ರಾಜಕೀಯಕ್ಕೆ ಅಥವಾ ಪಕ್ಷ ರಾಜಕೀಯಕ್ಕೆ ಸಂಬಂಧಿಸಿದ ಸಂಸ್ಥೆಗಳಿಗೆ ಮಾತ್ರ ಆ ನಿಯಮ ಅನ್ವಯಿಸುವುದೆಂದೂ, ಹಕ್ಕಿಗಾಗಿ ಹೋರಾಡುವ ಜನರನ್ನು ಬೆಂಬಲಿಸಿದ ಮಾತ್ರಕ್ಕೆ ಸಂಸ್ಥೆಯನ್ನು ದಂಡಿಸಲಾಗದೆಂದೂ ಸ್ಪಷ್ಟಪಡಿಸಿತು.

ಈ ಸಂಸ್ಥೆಗಳ ನೌಕರರು ಸಾಮಾಜಿಕ ಜಾಲತಾಣದಲ್ಲಿ ಬರೆಯುವುದು ಬೇರೆ ವಿಚಾರ. ಅಂತರ್ಜಾಲದ ಬರಹಕ್ಕೆ ಶಿಕ್ಷೆ ವಿಧಿಸುತ್ತಿದ್ದ 66ಎ ಕಲಮನ್ನು 2015ರ ಮಾರ್ಚ್ 24ರಂದು ಅದೇ ನ್ಯಾಯಾಲಯ ರದ್ದುಪಡಿಸಿತ್ತು. ಉದ್ಯೋಗದ ಕರಾರು ನೌಕರನಿಗೆ ಸಂಯಮವನ್ನು ವಿಧಿಸಬಹುದು. ಆದರೆ ಸಂಸ್ಥೆಯ ಧ್ವನಿ ಒಂದು, ಅದರಲ್ಲಿ ದುಡಿಯುವ ನಾಗರಿಕನ ಧ್ವನಿ ಇನ್ನೊಂದು. ಎರಡನ್ನೂ ಒಂದೆಂದು ಎಣಿಸುವುದು ಈ ಇತಿಹಾಸಕ್ಕೆ ಒಪ್ಪುವುದಿಲ್ಲ.